ಸುಳ್ಳು ಹೇಳುವ ಮುಳ್ಳು

ಹಳೇ ಬೈಕ್ ಸರಿಮಾಡಿಸಲು ಹೊರಟವರು ಮೊದಲು ಪೇಂಟ್ ಮಾಡಿಸುತ್ತಾರೆ. ಆಮೇಲೆ ಕ್ರೋಮು, ಸೀಟು, ಸೈಲೆನ್ಸರ್. ಸ್ಪೀಡ್ ತೋರಿಸುವ ಮೀಟರಿನ ತಂಟೆಗೆ ಯಾರೂ ಹೋಗುವುದಿಲ್ಲ. ಗಾಡಿ ಓಡುವುದಕ್ಕೆ ಮೀಟರ್ ಬೇಕಿಲ್ಲವಲ್ಲ!

ನಮ್ಮದು ಮೈಸೂರು. ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕ್ ಮಾಡಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿತು. ಸೋದರಮಾವನ ಜಾವಾ ಅಲ್ಲಿಯದೇ. ಕಿಕ್ಕರನ್ನೇ ಮಡಚಿದರೆ ಅದೇ ಗೇರ್ ಲಿವರ್. ಕೀಲಿ ಕಳೆದರೆ ಒಂದು ಮೊಳೆ ಸಾಕು. ಮೀಟರ್ ಇರುವುದು ಹೆಡ್‌ಲೈಟ್ ಡೂಮಿನ ನೆತ್ತಿಯಲ್ಲಿ.

ಆ ಮೀಟರಿನ ಮುಳ್ಳು ಸದಾ 40ಕ್ಕೂ 80ಕ್ಕೂ ನಡುವೆ ತೂಗಾಡುತ್ತಿತ್ತು. ಗೆಳೆಯರ ಮುಂದೆ ಮಾವ 80 ಅನ್ನುತ್ತಿದ್ದರು. ಹಿಂದೆ ಕೂತ ಅತ್ತೆ ಗದರಿದರೆ, "40 ದಾಟಿಲ್ಲ ಕಣೇ, ಬೇಕಾದ್ರೆ ನೋಡು" ಅನ್ನುತ್ತಿದ್ದರು. ಎರಡೂ ನಿಜವೇ. ಸಂಸಾರ ಸುಖವಾಗಿತ್ತು. ಮೀಟರ್ ರಿಪೇರಿ ಮಾಡಿಸುತ್ತೇನೆ ಅಂದಾಗ ಮಾವ, "ಹೋಗ್ಲಿ ಬಿಡೋ, ಪಾಪ, ಅದರ ಪಾಡಿಗೆ ಅದಿದೆ" ಅಂದರು. ಅಷ್ಟು ಮರುಕ ಯಾಕೆ ಅಂತ ಆಗ ಹೊಳೆಯಲಿಲ್ಲ.

ಮೀಟರ್ ಒಳಗೆ ದೊಡ್ಡ ಗುಟ್ಟೇನಿಲ್ಲ. ಗಾಡಿ ಓಡುವಾಗ ಕೇಬಲ್ ತಿರುಗಿದರೆ ಒಂದು ಅಯಸ್ಕಾಂತ ತಿರುಗುತ್ತದೆ. ಅದರ ಮೇಲೆ ಮುಳ್ಳು ಸಿಕ್ಕಿಸಿದ ಅಲ್ಯೂಮಿನಿಯಂ ಬಟ್ಟಲು. ಎರಡೂ ಒಂದಕ್ಕೊಂದು ತಾಗುವುದೇ ಇಲ್ಲ. ಆದರೂ ಅಯಸ್ಕಾಂತ ಸುತ್ತಿದಾಗ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ, ಅದೂ ಹಿಂದೆಯೇ ಹೊರಡುತ್ತದೆ. ಸಣ್ಣದೊಂದು ಸುರುಳಿ ಸ್ಪ್ರಿಂಗ್ ಅದನ್ನು ವಾಪಸ್ ಎಳೆಯುತ್ತದೆ. ಈ ಜಗ್ಗಾಟದಲ್ಲಿ ಮುಳ್ಳು ಎಲ್ಲಿ ನಿಂತಿತೋ ಅದೇ ಸ್ಪೀಡು. ಒಟ್ಟೋ ಶುಲ್ಜ್ ಎಂಬಾತ 1902ರಲ್ಲೇ ಇದಕ್ಕೆ ಜರ್ಮನಿಯಲ್ಲಿ ಪೇಟೆಂಟ್ ಪಡೆದಿದ್ದ. ಅಯಸ್ಕಾಂತದ ಬಲ ಕುಗ್ಗಿದರೆ ಮುಳ್ಳು ಕಮ್ಮಿ ತೋರಿಸುತ್ತದೆ, ಸ್ಪ್ರಿಂಗ್ ಸೋತರೆ ಜಾಸ್ತಿ. ತೂಗಾಡಿದರೆ ಸಾಮಾನ್ಯವಾಗಿ ತಪ್ಪು ಕೇಬಲಿನದು. ಒಣಗಿರುತ್ತದೆ, ಇಲ್ಲವೇ ಎಲ್ಲೋ ತೀರಾ ಬಾಗಿರುತ್ತದೆ.

ನಮಗೆ ಸಿಕ್ಕ ರಿಪೇರಿಯವನು ಕೇಬಲಿನ ಕಡೆ ತಿರುಗಿಯೂ ನೋಡಲಿಲ್ಲ. ಗಾಜನ್ನು ಹಿಡಿದಿರುವ ಉಂಗುರದ ಅಂಚನ್ನು ಸುತ್ತಲೂ ಸ್ವಲ್ಪಸ್ವಲ್ಪವೇ ಎಬ್ಬಿಸಬೇಕು. ಈತ ಒಂದೇ ಕಡೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದ. ಆಮೇಲೆ ಪೆಟ್ರೋಲ್ ಬಟ್ಟೆಯಿಂದ ಡಯಲ್ ಒರೆಸಿದ. ಕೊಳೆ ಹೋಗಲಿಲ್ಲ, 80ರ 8 ಹೋಯಿತು. ಈಗ 60 ಆದ ಮೇಲೆ 0, ಅದಾದ ಮೇಲೆ 100. "ಹೊಸ ಸ್ಟಿಕ್ಕರ್ ಅಂಟಿಸ್ತೀನಿ ಸಾರ್, ಶೋರೂಮ್ ಪೀಸ್ ಆಗುತ್ತೆ" ಅಂದ. ಬೇಡಪ್ಪಾ ಅಂದೆ. ಮಾಸಿದ್ದರೂ ಅಸಲಿ ಡಯಲ್ಲಿಗೆ ಒಂದು ಘನತೆ ಇದೆ. ಒಂದು ಅಂಕಿ ಕಮ್ಮಿಯಾದರೂ ಪರವಾಗಿಲ್ಲ.

ಮನೆಗೆ ತಂದು ನಾನೇ ಕೂತೆ. ಮುಳ್ಳು ಕೀಳಲು ಎರಡು ಚಮಚ ಬೇಕು, ಎರಡೂ ಕಡೆಯಿಂದ ಒಟ್ಟಿಗೇ ಎತ್ತಬೇಕು. ಅಳತೆಗೆ ಸರಿಹೊಂದಿದ್ದು ಅತ್ತೆಯ ಬೆಳ್ಳಿ ಚಮಚಗಳು. ಆ ವಿಷಯ ಇಲ್ಲಿಗೇ ಇರಲಿ.

ಕಿಲೋಮೀಟರಿಗೆ ಕೇಬಲ್ 1000 ಸುತ್ತು ತಿರುಗುವ ಮೀಟರಾದರೆ, ನಿಮಿಷಕ್ಕೆ 1000 ಸುತ್ತು ತಿರುಗಿದಾಗ ಮುಳ್ಳು 60ಕ್ಕೆ ಬರಬೇಕು. ಕೇಬಲನ್ನು ಡ್ರಿಲ್ ಮಶೀನಿಗೆ ಸಿಕ್ಕಿಸಿದರೆ ಹಾಲ್‌ನಲ್ಲೇ ಪರೀಕ್ಷೆ ಮಾಡಬಹುದು. ಅಕ್ಕನ ಮಗ ಉತ್ಸಾಹದಿಂದ ಗುಂಡಿ ಒತ್ತಿದ, ರಿವರ್ಸಿನಲ್ಲಿ. ಮುಳ್ಳು ಸೊನ್ನೆಗೆ ಒರಗಿತು, ಓಡಿದ ಕಿಲೋಮೀಟರುಗಳು ಒಂದೊಂದೇ ಹಿಂದಕ್ಕೆ ಹೊರಟವು. ಸದ್ದು ಕೇಳಿ ಬಂದ ಪಕ್ಕದ ಮನೆಯವರು ಸ್ವಲ್ಪ ಹೊತ್ತು ನೋಡಿ, ಮೆಲ್ಲಗೆ ಕೇಳಿದರು: "ನಮ್ಮ ಕಾರಿಗೂ ಹೀಗೆ ಮಾಡಕ್ಕಾಗುತ್ತಾ? ಮಾರೋಣ ಅಂತಿದ್ದೆ."

ಕೊನೆಗೆ ಕಾಯಿಲೆ ಇದ್ದದ್ದು ಕೇಬಲಿನಲ್ಲೇ. ಹೊಸದಕ್ಕೆ ಗ್ರೀಸ್ ಹಚ್ಚಿದೆ, ಮೇಲಿನ ತುದಿಯೊಂದನ್ನು ಬಿಟ್ಟು. ಅಲ್ಲಿಗೂ ಹಚ್ಚಿದರೆ ಗ್ರೀಸ್ ತಿರುಗುತ್ತಾ ತಿರುಗುತ್ತಾ ಮೀಟರಿನೊಳಗೆ ಏರುತ್ತದೆ.

ರಿಂಗ್ ರೋಡಿನಲ್ಲಿ ಮಾವ ಓಡಿಸಿದರು, ನಾನು ಹಿಂದೆ ಫೋನಿನ ಜಿಪಿಎಸ್ ಹಿಡಿದು ಕೂತೆ. "ನೋಡು, ಈಗ ಎಂಬತ್ತು!" ಅಂತ ಕೂಗಿದರು. ಮುಳ್ಳು ಅಲುಗಾಡದೆ 55ರಲ್ಲಿ ನಿಂತಿತ್ತು. ಫೋನೂ ಅದನ್ನೇ ಹೇಳುತ್ತಿತ್ತು. ಅವರ ಎಂಬತ್ತು ಇದ್ದ ಜಾಗದಲ್ಲಿ ಬರೀ ಸೊನ್ನೆ.

ಸುದ್ದಿ ನಮಗಿಂತ ಮೊದಲೇ ಮನೆ ತಲುಪಿತ್ತು. ಅಕ್ಕನ ಮಗನಿಗೆ ನಾನೇ ಸ್ಕ್ರೀನ್‌ಶಾಟ್ ಕಳಿಸಿದ್ದೆ.

"ಬೆಂಗಳೂರಿಗೆ ಎಂಬತ್ತರಲ್ಲಿ ಹೋಗ್ತಿದ್ದೆ ಅಂತಿದ್ರಲ್ಲ?" ಅತ್ತೆ ಕಾಫಿ ಕೊಡುತ್ತಾ ಕೇಳಿದರು.

"ಆಗೆಲ್ಲ ಮೈಲಿ ಲೆಕ್ಕ ಕಣೇ."

"ಹಾಗಾದ್ರೆ ಇನ್ನೂ ಜಾಸ್ತಿ ಆಯ್ತು. ಎಂಬತ್ತು ಮೈಲಿ ಅಂದ್ರೆ ನೂರಿಪ್ಪತ್ತೆಂಟು ಕಿಲೋಮೀಟರು. ಮತ್ತೆ ಮದ್ದೂರಿನ ಹತ್ರ ಕಬ್ಬಿನ ಗಾಡಿ ನಮ್ಮನ್ನ ಹಿಂದೆ ಹಾಕಿ ಹೋಯ್ತಲ್ಲ, ಆ ಎತ್ತುಗಳು ಎಷ್ಟರಲ್ಲಿ ಓಡ್ತಿದ್ವು?"

ಮಾವ ಕಾಫಿ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

"ಅದು ಇಳಿಜಾರು."