ಕರಡು ಯಾವ ಕಡತದಲ್ಲಿರಬೇಕು?

ಕೆಲವು ವರ್ಷಗಳ ಹಿಂದೆ ಒಂದು ತಾಂತ್ರಿಕ ಮಾನಕದ ಕರಡನ್ನು ಓದಿ ಆಕ್ಷೇಪಗಳನ್ನು ಸಲ್ಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇಂಥ ಸಮಿತಿಗಳಲ್ಲಿ ಆಕ್ಷೇಪಕ್ಕೆಂದೇ ಒಂದು ಸಿದ್ಧ ಕೋಷ್ಟಕವಿರುತ್ತದೆ: ಯಾವ ಸಾಲು, ಯಾವ ಕಂಡಿಕೆ, ದೋಷ ತಾಂತ್ರಿಕವೋ ಭಾಷೆಯದೋ, ಅದರ ಬದಲಿಗೆ ಏನಿರಬೇಕು. ಎರಡು ವಾರ ಕುಳಿತು ನಲವತ್ತಕ್ಕೂ ಹೆಚ್ಚು ಆಕ್ಷೇಪಗಳನ್ನು ಬರೆದು ಕಳುಹಿಸಿದೆ. ಸಭೆಯ ದಿನ ಮೊದಲನೆಯದನ್ನು ಓದಿದ ಕಾರ್ಯದರ್ಶಿಗಳು, "ಸರ್, ನೀವು 6.3.2 ಅಂತ ಬರೆದಿದ್ದೀರಿ, ಅಲ್ಲಿ ಉಷ್ಣಾಂಶದ ಮಾತೇ ಇಲ್ಲವಲ್ಲ?" ಎಂದರು. ನನ್ನ ಪರದೆಯ ಮೇಲೆ ಇತ್ತು. ಅವರ ಪರದೆಯ ಮೇಲೆ ಅದೇ ಕಂಡಿಕೆಯ ಸಂಖ್ಯೆ 6.4.1 ಆಗಿತ್ತು. ಅವರು ಕರಡನ್ನು ಸಿದ್ಧಪಡಿಸಿದ ತಂತ್ರಾಂಶ ಒಂದು, ನಾನು ತೆರೆದದ್ದು ಇನ್ನೊಂದು. ತಾನಾಗಿ ಬೀಳುವ ಕಂಡಿಕೆ ಸಂಖ್ಯೆಗಳನ್ನು ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಎಣಿಸಿಕೊಂಡಿದ್ದವು. ಸಾಲಿನ ಸಂಖ್ಯೆಗಳಂತೂ ಫಾಂಟ್ ಬದಲಾದ ಕೂಡಲೇ ದಿಕ್ಕು ತಪ್ಪಿದ್ದವು. ಅರ್ಧ ದಿನದ ಸಭೆ ಯಾವ ಆಕ್ಷೇಪ ಯಾವ ಕಂಡಿಕೆಯದು ಎಂದು ಹುಡುಕುವುದರಲ್ಲೇ ಮುಗಿಯಿತು. ಕೊನೆಗೆ ಸಿಕ್ಕ ಸಲಹೆ: "ನೀವೂ ಇದೇ ತಂತ್ರಾಂಶ ಹಾಕಿಸಿಕೊಂಡುಬಿಡಿ."

ಸಲಹೆ ಕೊಟ್ಟವರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೂ ನನ್ನ ತಕರಾರು ಇರುವುದು ಅದರ ಬಗ್ಗೆಯೇ. ಮಾನಕವೆಂದರೆ ಪೈಪೋಟಿಯಲ್ಲಿರುವ ತಯಾರಕರೆಲ್ಲ ಸಮಾನವಾಗಿ ಒಪ್ಪಿ ಪಾಲಿಸಬೇಕಾದ ಬರಹ. ಆ ಬರಹವನ್ನು ಸರಿಯಾಗಿ ಓದಬೇಕಾದರೆ ಒಬ್ಬ ತಯಾರಕನ ಸರಕನ್ನೇ ಕೊಳ್ಳಬೇಕು ಎಂದಾದರೆ, ಸಮಿತಿಯ ಬಾಗಿಲಲ್ಲೇ ಸುಂಕದಕಟ್ಟೆ ಇಟ್ಟಂತಾಗುತ್ತದೆ.

ಕಡತದ ಸ್ವರೂಪವನ್ನೇ (ಫೈಲ್ ಫಾರ್ಮ್ಯಾಟ್) ಮಾನಕವಾಗಿಸಿದರೆ ಈ ತೊಂದರೆ ತೀರುತ್ತದೆ ಎಂದು ಒಂದು ಕಾಲಕ್ಕೆ ನಾನೂ ನಂಬಿದ್ದೆ. ಓಪನ್ ಡಾಕ್ಯುಮೆಂಟ್ ಸ್ವರೂಪವು 2005ರಲ್ಲಿ ಒಯಾಸಿಸ್ ಎಂಬ ಉದ್ಯಮ ಒಕ್ಕೂಟದ ಮಾನಕವಾಗಿ, 2006ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 26300 ಎಂಬ ಸಂಖ್ಯೆ ಪಡೆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಆಫೀಸ್ ಓಪನ್ ಎಕ್ಸ್‌ಎಂಎಲ್ ಎಕ್ಮಾ ಎಂಬ ಇನ್ನೊಂದು ಮಾನಕ ಸಂಸ್ಥೆಯ ಮುದ್ರೆ ಪಡೆದು ಐಎಸ್‌ಒ ಬಾಗಿಲಿಗೆ ಬಂತು. ಮೊದಲನೆಯದು ಸುಮಾರು 700 ಪುಟ, ಎರಡನೆಯದು ಸುಮಾರು 6,000 ಪುಟ. ಅಷ್ಟನ್ನೂ ತ್ವರಿತ ಮಾರ್ಗದಲ್ಲಿ ಕೆಲವೇ ತಿಂಗಳುಗಳೊಳಗೆ ಓದಿ ಮತ ಹಾಕಬೇಕಿತ್ತು. 2007ರ ಸೆಪ್ಟೆಂಬರ್‌ನಲ್ಲಿ ಅದು ಸೋತಿತು, 2008ರ ಫೆಬ್ರವರಿಯಲ್ಲಿ ಜಿನೀವಾದಲ್ಲಿ ತಿದ್ದುಪಡಿಯ ಸಭೆ ನಡೆಯಿತು, ಅದಾದ ಮೇಲೆ ಅಂಗೀಕಾರವಾಗಿ ಐಎಸ್‌ಒ 29500 ಎನಿಸಿಕೊಂಡಿತು. ಎರಡೂ ಸಲ ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) 'ಬೇಡ' ಎಂದೇ ಮತ ಹಾಕಿತ್ತು. ಬ್ರೆಜಿಲ್, ದಕ್ಷಿಣ ಆಫ್ರಿಕಾ, ವೆನಿಜುವೆಲಾಗಳಂತೆ ಭಾರತವೂ ಮೇಲ್ಮನವಿ ಸಲ್ಲಿಸಿತು. 2008ರ ಆಗಸ್ಟ್‌ನಲ್ಲಿ ಆ ಮನವಿಗಳೆಲ್ಲ ತಿರಸ್ಕೃತವಾದವು.

ಆ ಆರು ಸಾವಿರ ಪುಟಗಳೊಳಗೆ ಏನಿತ್ತು ಎಂಬುದಕ್ಕೆ ಒಂದೆರಡು ಮಾದರಿ ನೋಡಿ. 1900ನೆಯ ಇಸವಿ ಅಧಿಕ ವರ್ಷವಲ್ಲ. ನೂರರಿಂದ ಭಾಗವಾಗುವ ವರ್ಷ ನಾನೂರರಿಂದಲೂ ಭಾಗವಾದರೆ ಮಾತ್ರ ಫೆಬ್ರವರಿಗೆ 29 ದಿನ. ಲೋಟಸ್ 1-2-3 ಎಂಬ ಹಳೆಯ ಸ್ಪ್ರೆಡ್‌ಶೀಟ್ ತಂತ್ರಾಂಶ ಈ ಲೆಕ್ಕದಲ್ಲಿ ತಪ್ಪಿತ್ತು, ಅದರ ಬಳಕೆದಾರರನ್ನು ಸೆಳೆಯಬೇಕಿದ್ದ ಎಕ್ಸೆಲ್ ಆ ತಪ್ಪನ್ನೂ ಜೊತೆಗೆ ಎತ್ತಿಕೊಂಡಿತು, ಕೊನೆಗೆ ಅದೇ ತಪ್ಪು ಅಂತರರಾಷ್ಟ್ರೀಯ ಮಾನಕದ ಕರಡಿನೊಳಗೂ ಬಂದು ಕುಳಿತಿತು. ಎಂದೂ ಹುಟ್ಟದ 1900ರ ಫೆಬ್ರವರಿ 29ಕ್ಕೆ ಅಲ್ಲಿ 60 ಎಂಬ ಕ್ರಮಸಂಖ್ಯೆಯೇ ಇತ್ತು! ಇನ್ನೊಂದು ಕಡೆ, 'ವರ್ಡ್ 95ರಂತೆ ಅಂತರ ಬಿಡು' ಎಂಬ ಅರ್ಥದ ಸೂಚನೆಯೊಂದಿತ್ತು. ವರ್ಡ್ 95 ಹೇಗೆ ಅಂತರ ಬಿಡುತ್ತದೆ ಎಂಬುದನ್ನು ಮಾತ್ರ ವಿವರಿಸಿರಲಿಲ್ಲ. ಆ ತಂತ್ರಾಂಶವನ್ನೇ ನೋಡಿ ಅನುಕರಿಸಬೇಕಿತ್ತು. ಮುಂದೆ ಇಂಥವನ್ನು ವಿವರಿಸಿ, 'ಟ್ರಾನ್ಸಿಷನಲ್' (ಪರಿವರ್ತನಾ ಕಾಲದ) ಎಂಬ ಬೇರೆ ವಿಭಾಗಕ್ಕೆ ಸರಿಸಿದರು. ಸರಿ, ಆದರೆ ನಿತ್ಯ ನಾವು ವರ್ಡ್‌ನಲ್ಲಿ ಉಳಿಸುವ ಡಾಕ್‌ಎಕ್ಸ್ ಕಡತಗಳು ಸಾಮಾನ್ಯವಾಗಿ ಆ ವಿಭಾಗದವೇ.

ಎದುರು ಪಕ್ಷವೂ ನಿರ್ದೋಷಿಯಲ್ಲ. ಓಪನ್ ಡಾಕ್ಯುಮೆಂಟ್‌ನ ಮೊದಲ ಆವೃತ್ತಿಯಲ್ಲಿ ಸ್ಪ್ರೆಡ್‌ಶೀಟಿನ ಸೂತ್ರಗಳನ್ನು ಹೇಗೆ ಬರೆಯಬೇಕೆಂಬ ನಿಯಮವನ್ನೇ ಪೂರ್ತಿ ಕೊಟ್ಟಿರಲಿಲ್ಲ. ಅದು ಬಂದದ್ದು 2011ರ 1.2ನೆಯ ಆವೃತ್ತಿಯಲ್ಲಿ. ಲೆಕ್ಕದ ಹಾಳೆಯನ್ನು ಮಾನಕವಾಗಿಸಿ ಲೆಕ್ಕವನ್ನೇ ಬಿಟ್ಟದ್ದು ಸಣ್ಣ ಮರೆವೇನಲ್ಲ.

ಹಾಗಾಗಿ ಐಎಸ್‌ಒ ಸಂಖ್ಯೆ ಇದೆಯೇ ಎಂದು ನಾನೀಗ ಮೊದಲು ಕೇಳುವುದಿಲ್ಲ. ಬರೆದವನ ತಂತ್ರಾಂಶ ಇಲ್ಲದೆಯೂ ಕಡತದ ಅರ್ಥ ಕೈಗೆ ಸಿಗುತ್ತದೆಯೇ ಎಂದು ಕೇಳುತ್ತೇನೆ. ಇಂಟರ್ನೆಟ್ಟಿನ ನಿಯಮಗಳನ್ನು ಬರೆದವರು ಇದಕ್ಕೆ ತೀರಾ ಸರಳ ಉತ್ತರ ಕಂಡುಕೊಂಡಿದ್ದರು. 1969ರಲ್ಲಿ ಆರಂಭವಾದ ಅವರ ದಾಖಲೆಗಳ ಆರ್‌ಎಫ್‌ಸಿ ಸರಣಿ ದಶಕಗಳ ಕಾಲ ಬರಿಯ ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಷ್ಟೇ ಇರುವ) ಪಠ್ಯವಾಗಿತ್ತು: ಸಾಲಿಗೆ 72 ಅಕ್ಷರ, ಪುಟಕ್ಕೆ 58 ಸಾಲು. ಮಾಹಿತಿಯನ್ನು ಪ್ಯಾಕೆಟ್ಟುಗಳೆಂಬ ತುಣುಕುಗಳಾಗಿ ಸಾಗಿಸುವ 1981ರ ಐಪಿ ನಿಯಮ, ಆರ್‌ಎಫ್‌ಸಿ 791, ಇಂದಿಗೂ ಯಾವ ಎಡಿಟರ್‌ನಲ್ಲಾದರೂ ತೆರೆಯುತ್ತದೆ. ಪ್ಯಾಕೆಟ್ಟಿನ ಚಿತ್ರವನ್ನು ಕೂಡುವ, ಕಳೆಯುವ ಗುರುತುಗಳಿಂದ ಹೆಣೆದಿದ್ದಾರೆ, ಒಂದು ಗೆರೆಯೂ ಕದಲಿಲ್ಲ. ಇದಕ್ಕೆ ತೆತ್ತ ಬೆಲೆ ಕನ್ನಡಿಗರಾದ ನಮಗೆ ಬೇಗ ಕಾಣುತ್ತದೆ. ಭಾರತೀಯ ಲಿಪಿಗಳಲ್ಲಿ ಡೊಮೈನ್ ಹೆಸರು ಹೇಗಿರಬೇಕೆಂದು ಹೇಳುವ ದಾಖಲೆಯಲ್ಲೂ 'ಕ' ಎಂದು ಬರೆಯುವಂತಿರಲಿಲ್ಲ, ಯುನಿಕೋಡ್ ಎಂಬ ಅಕ್ಷರಪಟ್ಟಿ ಅದಕ್ಕೆ ಕೊಟ್ಟ ಸಂಖ್ಯೆಯಿಂದ, ಯು+0ಸಿ95 ಎಂದು ಸೂಚಿಸಬೇಕಿತ್ತು. 2016ರ ಡಿಸೆಂಬರ್‌ನಲ್ಲಿ ಬಂದ ಹೊಸ ನಿಯಮಗಳು ಎಕ್ಸ್‌ಎಂಎಲ್ ಅನ್ನು (ಪಠ್ಯದ ಭಾಗಗಳಿಗೆ ಹೆಸರಿನ ಗುರುತು ಹಾಕುವ ಬರಹದ ಕ್ರಮ) ಮೂಲವಾಗಿಸಿ, ಬೇರೆ ಲಿಪಿಗಳಿಗೂ ಜಾಗ ಕೊಟ್ಟವು. ಮೂಲ ಒಂದೇ, ಪಠ್ಯ, ಪಿಡಿಎಫ್, ವೆಬ್ ಪುಟಗಳೆಲ್ಲ ಅದರಿಂದ ಹೊರಟವು. ನನಗೆ ಒಪ್ಪಿಗೆಯಾದ ಏರ್ಪಾಡು ಇದು.

ಅರ್ಥ ಕಡತದ ಹೊರಗೆ ಉಳಿದರೆ ಏನಾಗುತ್ತದೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ ಫಾಂಟಿನಲ್ಲಿ ಬರೆದ ಕಡತದಿಂದ ಆ ಫಾಂಟನ್ನು ತೆಗೆದುಬಿಡಿ: 'ಕನ್ನಡ' ಎಂಬ ಪದದ ಜಾಗದಲ್ಲಿ ರೋಮನ್ ಪಿ, ತಲೆಯ ಮೇಲೆ ಓರೆ ಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಜರ್ಮನರ ಜೋಡಿ ಎಸ್ ಸಾಲುಗಟ್ಟಿ ನಿಲ್ಲುತ್ತವೆ. ಕಡತದಲ್ಲಿದ್ದದ್ದು ಅಕ್ಷರಗಳಲ್ಲ, ಅವುಗಳ ಚೂರುಗಳ ಜಾಗದ ಸಂಖ್ಯೆಗಳು. ಆ ಸಂಖ್ಯೆಗಳ ಪಟ್ಟಿ ಗೊತ್ತಿದ್ದುದರಿಂದ ಪರಿವರ್ತಕಗಳನ್ನು ಬರೆಯಲು ಸಾಧ್ಯವಾಯಿತು, ಎಷ್ಟೋ ಹಳೆಯ ಬರಹಗಳು ಉಳಿದವು.

ಭಾರತ ಸರ್ಕಾರದ ಇ-ಆಡಳಿತದ ಮುಕ್ತ ಮಾನಕ ನೀತಿ 2010ರ ನವೆಂಬರ್‌ನಲ್ಲೇ ಹೊರಬಿದ್ದಿದೆ. ನನ್ನ ಮೇಜಿಗೆ ಮಾತ್ರ ಈ ತಿಂಗಳ ಕರಡೂ ಹಳೆಯ ರೂಪದಲ್ಲೇ ಬಂದಿದೆ. ಸಾಲಿನ ಸಂಖ್ಯೆ ಹಾಕಿದ ಪಿಡಿಎಫ್ ಪ್ರತಿಯೊಂದನ್ನು ಜೊತೆಗೆ ಕೇಳಿ ಪಡೆದಿದ್ದೇನೆ. ಆಕ್ಷೇಪಗಳ ಕೋಷ್ಟಕದಲ್ಲಿ ಕಂಡಿಕೆ ಸಂಖ್ಯೆಯ ಪಕ್ಕದಲ್ಲೇ ಆ ಕಂಡಿಕೆಯ ಮೊದಲ ಐದಾರು ಪದಗಳನ್ನೂ ಕೈಯಾರೆ ಟೈಪಿಸುತ್ತಿದ್ದೇನೆ. ಕಾರ್ಯದರ್ಶಿಗಳು ಈ ಸಲ ಸಂಖ್ಯೆಯನ್ನು ನೋಡದೆ ಪದಗಳನ್ನೇ ಹುಡುಕಿಕೊಳ್ಳುವುದಾಗಿ ಹೇಳಿದ್ದಾರೆ.