ಹೂವು ಕೊಟ್ರೆ ವ್ಯಾಪಾರ ಡಬಲ್ಲಾ? ಒಂದ್ನಿಮಿಷ ಇರಿ

ನಮ್ಮ ಲೇಔಟ್ ವಾಟ್ಸಾಪ್ ಗ್ರೂಪಲ್ಲಿ ಒಂದು ಮೆಸೇಜ್ ಓಡಾಡ್ತಿದೆ, "ಕ್ಲೈಂಟ್‌ಗೆ ಹೂವು ಕೊಟ್ರೆ ಬಿಸಿನೆಸ್ ಡಬಲ್ ಆಗುತ್ತೆ, ಅಮೆರಿಕದ ಯೂನಿವರ್ಸಿಟಿ ಪ್ರೂವ್ ಮಾಡಿದೆ" ಅಂತ. ಹಂಗೇನೂ ಪ್ರೂವ್ ಆಗಿಲ್ಲ ಕಣ್ರೀ. ಅದು ನ್ಯೂಜೆರ್ಸಿಯ ರಟ್ಗರ್ಸ್ ಯೂನಿವರ್ಸಿಟಿಯವ್ರು ಮಾಡಿದ್ದು, 2005ರಲ್ಲಿ ಪ್ರಕಟ ಆಯ್ತು, 147 ಹೆಂಗಸರ ಮನೆ ಬಾಗಿಲಿಗೆ ಹೂವು, ಹಣ್ಣಿನ ಬುಟ್ಟಿ, ಕ್ಯಾಂಡಲ್ ಹಿಂಗೆ ಒಬ್ಬೊಬ್ರಿಗೆ ಒಂದೊಂದು ಕಳಿಸಿ, ಇಸ್ಕೊಂಡ ತಕ್ಷಣ ಮುಖ ಹೆಂಗಾಯ್ತು ಅಂತ ನೋಡಿದ್ರು, ಹೂವು ಸಿಕ್ಕಿದವ್ರೆಲ್ಲ ಕಣ್ಣೂ ಸೇರಿ ನಗೋ ಅಂಥ ನಿಜವಾದ ನಗು ನಕ್ರು, ಮೂರು ದಿನ ಆದ್ಮೇಲೂ ಮೂಡ್ ಚೆನ್ನಾಗಿತ್ತು. ಅಷ್ಟೇ. ಸೇಲ್ಸು, ಆರ್ಡರು ಯಾವ್ದನ್ನೂ ಅಳೆದಿಲ್ಲ. ಆ ರಿಸರ್ಚ್‌ಗೆ ಸಪೋರ್ಟ್ ಕೊಟ್ಟಿದ್ದು ಅಲ್ಲಿನ ಹೂವಿನ ವ್ಯಾಪಾರಿಗಳ ಸಂಘಾನೇ, ಅದನ್ನ ಮಾತ್ರ ಮೆಸೇಜಲ್ಲಿ ಹಾಕಿಲ್ಲ ನೋಡಿ!

ಹಂಗಂತ ಕೊಡಬೇಡಿ ಅಂತಲ್ಲ. ಮನೆಗೆ ಬಂದವ್ರಿಗೆ ಅರಿಶಿನ ಕುಂಕುಮದ ಜೊತೆ ಒಂದು ಮೊಳ ಮಲ್ಲಿಗೆ ಕೊಡೋಕೆ ನಮಗೇನು ಸ್ಟಡಿ ಬೇಕಾ? ಕೊಲೀಗ್ ರಿಟೈರ್ ಆಗ್ತಿದ್ರೆ ಕೆ.ಆರ್. ಮಾರ್ಕೆಟ್‌ಗೆ ಬೆಳಗ್ಗೆ ಬೇಗ ಹೋಗಿ ಗುಲಾಬಿ ತನ್ನಿ, ಖುಷಿ ಪಡ್ತಾರೆ. ಸರ್ಕಾರಿ ಫಂಕ್ಷನ್ನಿಗೆ ಮಾತ್ರ ಬೊಕೆ ಹಿಡ್ಕೊಂಡು ಹೋಗೋ ಮುಂಚೆ ಯೋಚನೆ ಮಾಡಿ, ಹಾರ ತುರಾಯಿ ಬೇಡ, ಕನ್ನಡ ಪುಸ್ತಕ ಕೊಡಿ ಅಂತ 2021ರಲ್ಲೇ ಸುತ್ತೋಲೆ ಬಂದಿತ್ತು.