ಮೊದಲ ಪ್ರಶ್ನೆ ಕೇಳುವವರಿಗೆ ಜಾಗ ಎಲ್ಲಿದೆ?

ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶಗಳನ್ನು ಕನ್ನಡಕ್ಕೆ ತರುವ ನಮ್ಮ ಭಾನುವಾರದ ಅನುವಾದ ಕೂಟಕ್ಕೆ ಕಳೆದ ತಿಂಗಳು ವಿಜಯನಗರದ ಪಿಜಿಯೊಂದರಲ್ಲಿರುವ ಎಂಜಿನಿಯರಿಂಗ್ ವಿದ್ಯಾರ್ಥಿನಿ ಬಂದಿದ್ದಳು. "ಸರ್, ನಾನು ಹಿಂದೆಯೇ ಒಂದು ಮುಕ್ತ ತಂತ್ರಾಂಶದ ಕನ್ನಡ ಅನುವಾದಕ್ಕೆ ಕೈ ಹಾಕಿದ್ದೆ. ಒಂದು ಪ್ರಶ್ನೆ ಕೇಳಿದೆ, ಯಾರೂ ಉತ್ತರ ಕೊಡಲಿಲ್ಲ. ಪೆದ್ದು ಪ್ರಶ್ನೆ ಇರಬೇಕು ಎಂದುಕೊಂಡು ಬಿಟ್ಟುಬಿಟ್ಟೆ" ಎಂದಳು.

ಅವಳು ಕೇಳಿದ್ದೇನು ಗೊತ್ತೇ? ಅನುವಾದಿಸಬೇಕಾದ ವಾಕ್ಯದಲ್ಲಿ ಕಡತದ ಹೆಸರಿನ ಜಾಗದಲ್ಲಿ ಒಂದು ಚಿಹ್ನೆ ಮಾತ್ರ ಇರುತ್ತದೆ. ಹೆಸರನ್ನು ಆಮೇಲೆ ಕಂಪ್ಯೂಟರ್ ತುಂಬುತ್ತದೆ. ಯಾವ ಹೆಸರು ಬರುತ್ತದೆ ಎಂದೇ ತಿಳಿಯದಿರುವಾಗ ಅದಕ್ಕೆ 'ಅನ್ನು' ಹಚ್ಚುವುದೋ, 'ವನ್ನು' ಹಚ್ಚುವುದೋ? ತಂತ್ರಾಂಶವನ್ನು ಕನ್ನಡಕ್ಕೆ ತರಲು ಕುಳಿತವರು ಒಂದಲ್ಲ ಒಂದು ದಿನ ತಲೆ ಕೆಡಿಸಿಕೊಳ್ಳುವ ಪ್ರಶ್ನೆ ಇದು. ಇದನ್ನು ಕೇಳಿದವಳು ತನ್ನನ್ನೇ ಪೆದ್ದಿ ಎಂದುಕೊಂಡು ಎದ್ದುಹೋಗಿದ್ದಳು. ನನಗೆ ಕರುಳು ಚುರುಕ್ ಎಂದಿತು.

ಆ ತಂತ್ರಾಂಶದ ತಂಡದವರು ಮಾತಾಡುವುದು ಐಆರ್‌ಸಿ ಎಂಬ ಹಳೆಯ ಚಾಟ್ ವ್ಯವಸ್ಥೆಯಲ್ಲಿ. ಅಲ್ಲಿನ ಹಳೆಯ ದಾಖಲೆ ತೆಗೆದು ನೋಡಿದೆವು. ಉತ್ತರ ಬಂದಿತ್ತು! ಅವಳು ಬೆಳಿಗ್ಗೆ ಎಂಟಕ್ಕೆ ಬಸ್ಸಿನಲ್ಲಿ ಕುಳಿತು ಕೇಳಿದ್ದಳು. ಯೂರೋಪಿನಲ್ಲಿ ಅದು ನಿದ್ದೆಯ ಹೊತ್ತು. ಮಧ್ಯಾಹ್ನ ಯಾರೋ ಪುಣ್ಯಾತ್ಮರು ತಾಳ್ಮೆಯಿಂದ ಹತ್ತು ಸಾಲು ಬರೆದಿದ್ದರು. ಅಷ್ಟರಲ್ಲಿ ಅವಳ ಮೊಬೈಲಿನ ಸಂಪರ್ಕ ಕಡಿದಿತ್ತು. ಐಆರ್‌ಸಿಯಲ್ಲಿ ನಾವು ಇಲ್ಲದಾಗ ಆಡಿದ ಮಾತು ಸಾಮಾನ್ಯವಾಗಿ ನಮಗಾಗಿ ಕಾಯುವುದಿಲ್ಲ. ಹಳಬರು ಅದಕ್ಕೆಂದೇ, ತಮ್ಮ ಪರವಾಗಿ ಸಂಪರ್ಕದಲ್ಲಿದ್ದು ಮಾತುಗಳನ್ನು ಕೂಡಿಡುವ ಬೌನ್ಸರ್ ಎಂಬ ತಂತ್ರಾಂಶವನ್ನು ಬೇರೊಂದು ಕಂಪ್ಯೂಟರಿನಲ್ಲಿ ಹಗಲಿರುಳು ಓಡಿಸುತ್ತಾರೆ. ಮೊದಲ ದಿನ ಬಂದವಳಿಗೆ ಅದು ಹೇಗೆ ತಿಳಿಯಬೇಕು?

ಐಆರ್‌ಸಿಯ ಮೇಲೆ ನನಗೆ ಗೌರವವಿದೆ. 1988ರಲ್ಲಿ ಫಿನ್‌ಲೆಂಡಿನಲ್ಲಿ ಹುಟ್ಟಿದ ಅದು ಎಷ್ಟು ನಿಧಾನದ ಇಂಟರ್‌ನೆಟ್‌ನಲ್ಲೂ ನಡೆಯುತ್ತದೆ. ನಾನು ಕಲಿತದ್ದೂ ಅಲ್ಲಿಯೇ. ಆದರೆ ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದಂಥ ಸಂಸ್ಥೆಯೇ 2020ರಲ್ಲಿ ತನ್ನ ಐಆರ್‌ಸಿ ಸರ್ವರ್ ಮುಚ್ಚಿ ಮ್ಯಾಟ್ರಿಕ್ಸ್ ಎಂಬ ಹೊಸ ಚಾಟ್ ವ್ಯವಸ್ಥೆಗೆ ಹೋಯಿತು. ಅಲ್ಲಿನ ಕಿರುಕುಳದ ಜೊತೆಗೆ, ಹೊಸಬರಿಗೆ ಐಆರ್‌ಸಿ ಅನಗತ್ಯ ಅಡ್ಡಿ ಎಂಬುದೂ ಮೊಜಿಲ್ಲಾ ಕೊಟ್ಟ ಕಾರಣವಾಗಿತ್ತು.

"ವಾಟ್ಸ್‌ಆಪ್ ಗುಂಪು ಮಾಡಿದರೆ ಮುಗಿಯಿತಲ್ಲ" ಎಂದು ನಮ್ಮ ಕೂಟದಲ್ಲೇ ಕೆಲವರು ಹೇಳಿದರು. ನಾನು ಖಡಾಖಂಡಿತವಾಗಿ ಒಪ್ಪಲಿಲ್ಲ. ಗುಂಪಿಗೆ ಸೇರಿದ ಕ್ಷಣದಿಂದ ಆ ಹುಡುಗಿಯ ಫೋನ್ ನಂಬರ್ ನೂರಾರು ಅಪರಿಚಿತರ ಕೈಯಲ್ಲಿರುತ್ತದೆ. ನಡುರಾತ್ರಿ ಬರುವ ಸಂದೇಶಗಳಿಗೆ ಯಾರು ಹೊಣೆ? ಅಲ್ಲದೆ ಇಂದು ಕೊಟ್ಟ ಒಳ್ಳೆಯ ಉತ್ತರ ನಾಳೆ ಶುಭೋದಯದ ಹೂವುಗಳ ಕೆಳಗೆ ಹೂತುಹೋಗುತ್ತದೆ. ಗೂಗಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ. ಕಚೇರಿಗಳಲ್ಲಿ ಬಳಸುವ ಚಾಟ್ ಆ್ಯಪ್ ಸ್ಲ್ಯಾಕ್ ಬಳಸಲು ಸುಲಭ, ಆದರೆ ಉಚಿತ ಖಾತೆಯಲ್ಲಿ ತೊಂಬತ್ತು ದಿನಕ್ಕಿಂತ ಹಳೆಯ ಮಾತು ಕಾಣಿಸುವುದಿಲ್ಲ.

ನಾನು ಪಟ್ಟು ಹಿಡಿದದ್ದು ಝುಲಿಪ್ ಎಂಬ ಚಾಟ್ ತಂತ್ರಾಂಶಕ್ಕೆ. ಅದು ಸ್ವತಃ ಮುಕ್ತ ತಂತ್ರಾಂಶ. ಪ್ರತಿ ಮಾತುಕತೆಗೂ ಒಂದು ತಲೆಬರಹವಿರುತ್ತದೆ. ಹಾಗಾಗಿ ಬೆಳಗಿನ ಪ್ರಶ್ನೆಗೆ ಮರುದಿನ ಉತ್ತರ ಬಂದರೂ ಎರಡೂ ಒಂದೇ ಕಡೆ ಇರುತ್ತವೆ. ಬೇಕೆಂದರೆ ಚಾನೆಲನ್ನು, ಅಂದರೆ ಮಾತುಕತೆಯ ಕೋಣೆಯನ್ನು, ಲಾಗಿನ್ ಇಲ್ಲದೆಯೇ ಯಾರಾದರೂ ಓದುವಂತೆ ತೆರೆದಿಡಬಹುದು. ಕೇಳುವ ಮೊದಲು ಬೇರೆಯವರು ಹೇಗೆ ಕೇಳುತ್ತಾರೆ ಎಂದು ಹೊರಗೆ ನಿಂತು ನೋಡುವ ಅವಕಾಶ ಸಂಕೋಚದ ಸ್ವಭಾವದವರಿಗೆ ಎಷ್ಟು ದೊಡ್ಡದು ಎಂಬುದು ಸಂಕೋಚಪಟ್ಟವರಿಗೇ ಗೊತ್ತು.

ಜಾಗ ಮಾಡಿ ಬೀಗ ಹಾಕಿಕೊಂಡು ಹೋದರೆ ಆಗುವುದಿಲ್ಲ. ಆದ್ದರಿಂದ 'ಹೊಸಬರು' ಎಂಬ ಚಾನೆಲ್ ನೋಡಿಕೊಳ್ಳಲು ಆರು ಜನ ಪಾಳಿ ಹಾಕಿಕೊಂಡಿದ್ದೇವೆ. ಬೆಳಿಗ್ಗೆ ಒಬ್ಬರು, ರಾತ್ರಿ ಒಬ್ಬರು. ಉತ್ತರ ಗೊತ್ತಿಲ್ಲದಿದ್ದರೂ "ನೋಡಿದೆ, ವಿಚಾರಿಸಿ ಹೇಳುತ್ತೇನೆ" ಎಂದು ಬರೆಯಲೇಬೇಕು. ಕನ್ನಡದಲ್ಲಿ ಕೇಳಿದವರಿಗೆ ಕನ್ನಡದಲ್ಲೇ ಉತ್ತರ.

ಅಲ್ಲಿನ ಮೊದಲ ತಲೆಬರಹ 'ಅನ್ನು, ವನ್ನು'. ಬರೆದವಳು ಅವಳೇ. ನಿನ್ನೆ ರಾತ್ರಿ ನೋಡಿದಾಗ ಅದರ ಕೆಳಗೆ ಹದಿನೇಳು ಉತ್ತರಗಳಿದ್ದವು. ಹೆಸರಿನ ನಂತರ 'ಕಡತವನ್ನು' ಎಂದು ಸೇರಿಸಿ ತಪ್ಪಿಸಿಕೊಳ್ಳಬಹುದೇ ಎಂಬ ಚರ್ಚೆ ಇನ್ನೂ ನಡೆಯುತ್ತಿದೆ.